ಶಿವಮಲ್ಲು ತಂದ ದೊಡ್ಡ ಮೈಕು

ಈ ಸಲ ಕೇಳಿ, ಒಂದು ಮಾತೂ ಸೇರಿಸಲ್ಲ. ಸೇರಿಸಿದ್ರೆ ನನ್ನ ನಾಲಗೆ ಕಪಿಲಾ ಹೊಳೆ ಮೀನಿನ ಪಾಲಾಗ್ಲಿ.

ಆ ಹೊಳೆ ದಡದಲ್ಲಿ ಒಂದು ಮಠ. ಅಲ್ಲೊಬ್ರು ಅಜ್ಜಯ್ಯ, ತತ್ವಪದ ಹಾಡೋರು. ಅವರು ಏಕತಾರಿ ಮೀಟಿದ್ರೆ ಹೊಳೆ ನಿಂತು ಕೇಳ್ಕೊಂಡು, ಪದ ಮುಗಿದ್ಮೇಲೆ ಮುಂದಕ್ಕೆ ಹೋಗೋದು.

ವಯಸ್ಸಾಯ್ತು, ಗಂಟಲು ಕಟ್ತು. ದೂರದೂರಿನ ಭಕ್ತರು ಪದ ಕಳ್ಸಿ ಅಂತ ದುಂಬಾಲು ಬಿದ್ರು.

ಅಜ್ಜಯ್ಯ ತಮ್ಮ ಇಬ್ಬರು ಶಿಷ್ಯರನ್ನ ಕರೆದ್ರು. "ಒಂದೊಂದು ಪದ ರೆಕಾರ್ಡ್ ಮಾಡ್ಕೊಂಡು ಬನ್ನಿ. ಯಾರದು ಚೆನ್ನಾಗಿ ಬರ್ತದೋ ಅವರ ದನೀಲೇ ಎಲ್ಲಾ ಪದ ಹೋಗ್ಲಿ."

ಹಿರೀ ಶಿಷ್ಯ ಶಿವಮಲ್ಲು. ಮೀಸೆ ಮೂಡೋಕೆ ಮುಂಚೆ ಮಠಕ್ಕೆ ಬಂದೋನು. ಕಿರಿಯ ನಿಂಗರಾಜು, ಮೊನ್ನೆ ಮೊನ್ನೆ ಬಂದೋನು. ಅಜ್ಜಯ್ಯನ ಪದ ನಂಗಲ್ದೆ ಇನ್ಯಾರಿಗೆ ಅಂದ್ಕೊಂಡಿದ್ದ ಶಿವಮಲ್ಲು.

ನಿಂಗರಾಜು ಮೊದಲು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ತಂದ. ಅಜ್ಜಯ್ಯ ಇಯರ್‌ಫೋನ್ ಕಿವಿಗಿಟ್ಕೊಂಡು, ಕಣ್ಮುಚ್ಚಿ, ತಲೆದೂಗಿದ್ರು.

"ಪಕ್ಕದಲ್ಲೇ ಕೂತು ಹಾಡ್ದಂಗೈತೆ ಕಣಪ್ಪ."

ಶಿವಮಲ್ಲು ಹೊಟ್ಟೇಲಿ ಒಲೆ ಹತ್ತಿಕೊಂಡ್ತು. ಅದರ ಮೇಲೆ ಮಠದೋರಿಗೆಲ್ಲ ಮುದ್ದೆ ಬೇಯಿಸ್ಬಹುದಿತ್ತು.

"ಯಾವ ಮೈಕಲ್ಲೋ ಮಾಡ್ದೆ?"

"ಇದ್ರಲ್ಲೇ ಅಣ್ಣ." ನಿಂಗರಾಜು ತೋರಿಸ್ದ. ಅಂಗಿ ಕಾಲರಿಗೆ ಸಿಕ್ಕಿಸೋದು, ಹುಣಸೇ ಬೀಜದಷ್ಟಿತ್ತು. "ಅಗ್ಗದ್ದು. ಬೇಕಾದ್ರೆ ನೀವೂ ಇದನ್ನೇ ಇಟ್ಕೊಳ್ಳಿ."

"ನಿನ್ನ ಎಂಜಲು ನಂಗ್ಯಾಕೋ."

ನೆಟ್ಟಗೆ ಪೇಟೆಗೆ ಹೋದ. ಅಂಗಡಿಯೋನು ಕೇಳ್ದ: "ಎಲ್ಲಿ ಹಾಡ್ತೀರಿ ಸ್ವಾಮಿ?"

"ಹೊಳೆ ದಡದಲ್ಲಿ."

"ಹಂಗಾದ್ರೆ ದೊಡ್ಡ ಮೈಕು ಬ್ಯಾಡ. ಅದು ಸದ್ದಿಲ್ಲದ ರೂಮಿಗೆ, ಸುತ್ತಮುತ್ತ ಇರೋದನ್ನೆಲ್ಲ ಎಳ್ಕೊಂಡ್ಬಿಡ್ತದೆ. ಹೊಸಬರಿಗೆ ಈ ಕಾಲರ್ ಮೈಕೇ ಸಾಕು."

"ನಿಂಗರಾಜುದಕ್ಕಿಂತ ದೊಡ್ಡದು ಕೊಡಯ್ಯ."

"ನಿಂಗರಾಜು ಯಾರು?"

"ಅದು ನಿಂಗ್ಯಾಕೆ. ಕೊಡು."

ತೆಂಗಿನಕಾಯಿ ಗಾತ್ರದ ಮೈಕು ತಂದ. ಹೊಳೆ ದಡದಲ್ಲಿ ಮಣೆ ಮೇಲಿಟ್ಟ, ವಿಭೂತಿ ಬಳಿದ, ಹೂ ಮುಡಿಸ್ದ. ಗುರುಗಳ ಗದ್ದುಗೆ ಮುಂದೆ ಕೂರೋ ಪದ್ಧತೀಲಿ ಎರಡು ಮಾರು ಹಿಂದಕ್ಕೆ ಸರಿದು, ಕೈಮುಗಿದು, ಅಲ್ಲಿಂದ್ಲೇ ಹಾಡ್ದ.

ಎಲ್ಲರಿಗೂ ಕೇಳ್ಲಿ, ಅದರಲ್ಲೂ ನಿಂಗರಾಜುಗೆ ಕೇಳ್ಲಿ ಅಂತ ರೆಕಾರ್ಡ್ ಆಗಿದ್ದನ್ನ ಮಠದ ಅಂಗಳದಲ್ಲಿ ಸ್ಪೀಕರಿಗೆ ಹಾಕಿ ಜೋರಾಗಿ ಬಿಟ್ಟ.

ಸ್ಪೀಕರಲ್ಲಿ ಹೊಳೆ ಹರಿಯೋದು ಕೇಳ್ತು. ಕಾಗೆ ಕೂಗೋದು ಕೇಳ್ತು. ಆಚೆ ದಡದ ಕೆಂಪಮ್ಮ ಎಮ್ಮೆಗೆ ಬಯ್ದಿದ್ದು ಕೇಳ್ತು, ಎಮ್ಮೆ ಅದಕ್ಕೆ ಕೊಟ್ಟ ಉತ್ತರಾನೂ ಕೇಳ್ತು. ಮರಳಿನ ಮೇಲೆ ಏಡಿ ಕಾಲೆತ್ತಿ ಕಾಲಿಟ್ಟಿದ್ದು ಕೇಳ್ತು. ಇವೆಲ್ಲದರ ಹಿಂದೆ ಎಲ್ಲೋ, ಬಾವಿಗೆ ಬಿದ್ದೋನ ಥರ, ಶಿವಮಲ್ಲು.

ನಿಂಗರಾಜು ನಗಲಿಲ್ಲ. ಅದಕ್ಕೆ ಶಿವಮಲ್ಲುಗೆ ಇನ್ನೂ ಉರೀತು.

"ಇದಕ್ಕಿಂತ ದೊಡ್ಡದು ತರ್ತೀನಿ ಅಜ್ಜಯ್ಯ."

ಅಜ್ಜಯ್ಯ ಮಿಕ್ಕೋರನ್ನೆಲ್ಲ ಸ್ನಾನಕ್ಕೆ ಅಟ್ಟಿದ್ರು. ಶಿವಮಲ್ಲೂನ ಅಂಗಳದ ಆ ತುದೀಲಿ ನಿಲ್ಲಿಸಿದ್ರು.

"ನಿಂಗರಾಜು ವಿಷಯ ನಿನ್ನ ಮನಸ್ನಲ್ಲೇನೈತೆ, ಹೇಳು."

"ಇಲ್ಲಿಂದ್ಲಾ? ಊರಿಗೆಲ್ಲ ಕೇಳ್ತದೆ."

"ಹಂಗಾದ್ರೆ ಬಾ."

ಅರ್ಧ ಬಂದು ನಿಂತ. "ಇಲ್ಲಿಂದ್ಲೂ ಆಗಲ್ಲ ಅಜ್ಜಯ್ಯ."

"ಇನ್ನೂ ಬಾ."

ಅಷ್ಟು ವರ್ಷದಲ್ಲಿ ಗುರುವಿನ ಮೈಗೆ ಅಷ್ಟು ಹತ್ರ ಅವನು ಹೋಗೇ ಇರಲಿಲ್ಲ. ಕಿವಿಗೆ ಒಂದು ಗೇಣು ದೂರದಲ್ಲಿ ಬಾಯಿಟ್ಟು, ಸಣ್ಣಗೆ ಅಂದ:

"ನಿಮ್ಮ ಪದ ಅವನ ಪಾಲಾದ್ರೆ ನಾನು ಯಾರು?"



ಅಜ್ಜಯ್ಯ ನಿಂಗರಾಜು ಬಿಟ್ಟುಹೋಗಿದ್ದ ಮೈಕನ್ನ ಅವನ ಕಾಲರಿಗೆ ತಾವೇ ಸಿಕ್ಕಿಸಿದ್ರು. "ಒಳಗೋಗು. ಬಾಗ್ಲು ಹಾಕ್ಕೊಂಡು, ತಲೆ ತುಂಬ ಕಂಬಳಿ ಹೊದ್ಕೊಂಡು, ಈ ದನೀಲೇ ಹಾಡು."

ಹಾಡ್ದ. ಬೆವರು ಒರೆಸ್ಕೊಂಡು ಆಚೆ ಬಂದು ಫೋನು ಮುಂದಿಟ್ಟ.

ಅಜ್ಜಯ್ಯ ಇಯರ್‌ಫೋನ್ ಇಟ್ಕೊಂಡು ಕಣ್ಮುಚ್ಚಿದ್ರು. ತಲೆದೂಗಿದ್ರು. ಕಣ್ಣಲ್ಲಿ ನೀರು ಬಂತು. ಗಡ್ಡ ನೆನೀತು, ಕೂತಿದ್ದ ಚಾಪೆ ನೆನೀತು.

"ಪಕ್ಕದಲ್ಲೇ ಕೂತು ಹಾಡ್ದಂಗೈತೆ ಕಣಪ್ಪ. ಪದ ನಿನ್ನ ದನೀಲೇ ಹೋಗ್ಲಿ."

ಕಾಲಿಗೆ ಬಿದ್ದು ಎದ್ದು ಹೋಗಿದ್ರೆ ಆಗ್ತಿತ್ತು. ಹೋಗ್ಲಿಲ್ಲ ಶಿವಮಲ್ಲು.

"ನಿಂಗರಾಜುದಕ್ಕಿಂತ ಚೆನ್ನಾಗೈತಾ?"

"ಒಂದೊಂದು ಅಕ್ಷರಾನೂ ಬಿಡಿಬಿಡಿಯಾಗಿ ಕೇಳ್ತು."

"ಅವನದಕ್ಕಿಂತ?"

ಅಜ್ಜಯ್ಯ ಗಡ್ಡ ಒರೆಸ್ಕೊಂಡ್ರು. ಶಿವಮಲ್ಲು ಕಣ್ಣು ಅವರ ಕಿವಿಯಿಂದ ಇಳಿದ ತಂತಿ ಮೇಲೆ ಬಿತ್ತು. ತಂತಿ ಹಿಡ್ಕೊಂಡು ಕೆಳಕ್ಕೆ ಬಂತು. ತುದಿ ಅವರ ತೊಡೆ ಮೇಲೆ ಸುಮ್ನೆ ಬಿದ್ದಿತ್ತು. ಫೋನು ಅವನಿಟ್ಟ ಜಾಗದಲ್ಲೇ ಕಪ್ಪಗೆ ಮಲಗಿತ್ತು.

"ಅಜ್ಜಯ್ಯ, ಇದನ್ನ ಫೋನಿಗೆ ಚುಚ್ಚೇ ಇಲ್ವಲ್ಲ ನೀವು."

ಅಜ್ಜಯ್ಯ ತಂತಿ ನೋಡಿದ್ರು. ಆಮೇಲೆ ಅವನ ಮುಖ ನೋಡಿದ್ರು.

"ನಿಂಗರಾಜು ತಂದಾಗ್ಲೂ ಚುಚ್ಚಿರಲಿಲ್ಲ ಕಣಪ್ಪ."