ಇಲ್ಲ ಎನ್ನದ ಕಿಂಡಿ

ಕಂಪ್ಯೂಟರಿನ ಒಳಗೆ ಕರ್ನಲ್ ಎಂಬ ಮೇಸ್ತ್ರಿ ಇರುತ್ತಾನೆ. ಯಾವ ಪ್ರೋಗ್ರಾಂ ಯಾವಾಗ ಕೆಲಸ ಮಾಡಬೇಕು ಎಂದು ಹೇಳುವವನು ಅವನೇ. ಒಳಗೆ ಕೆಲಸ ಎಲ್ಲಿ ನಿಧಾನವಾಗುತ್ತಿದೆ ಎಂದು ಹೊರಗಿನವರು ನೋಡಬೇಕಾದರೆ ಯಾರಾದರೂ ಒಂದು ಕಿಂಡಿ ಮಾಡಿಕೊಡಬೇಕು.

ಪಾಠ ಮಾಡುತ್ತಲೇ ಕರ್ನಲ್ ಅನ್ನೂ ನೋಡಿಕೊಳ್ಳುತ್ತಿದ್ದ ಇಂದುಧರ ಮೇಷ್ಟ್ರು ಆ ಕೆಲಸವನ್ನು ಶಿಷ್ಯ ಸುಧನ್ವನಿಗೆ ಒಪ್ಪಿಸಿದರು. ಸುಧನ್ವ ಜಾಣ. ಆದರೆ ಯಾರು ಏನು ಕೇಳಿದರೂ ಇಲ್ಲ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಜಾಣರಲ್ಲಿ ಈ ಕಾಯಿಲೆ ಬಹಳ.

ಚಿಪ್‌ನಲ್ಲಿ ಎಣಿಸುವ ಸಾಧನಗಳು ಇದ್ದದ್ದು ನಾಲ್ಕೇ. ಜನರಿಗೆ ಬೇಕಿದ್ದದ್ದು ಒಳಗೆ ನಡೆಯುವ ಎಂಟು ಬಗೆಯ ಸಂಗತಿಗಳ ಲೆಕ್ಕ. ಸುಧನ್ವ ಸರದಿ ಹಾಕಿದ. ಸ್ವಲ್ಪ ಹೊತ್ತು ನಾಲ್ಕನ್ನು ಎಣಿಸುವುದು, ಆಮೇಲೆ ಉಳಿದ ನಾಲ್ಕನ್ನು. ಅರ್ಧ ಹೊತ್ತು ಎಣಿಸಿದ್ದನ್ನು ಎರಡರಿಂದ ಗುಣಿಸಿ, ಪೂರ್ತಿ ಎಣಿಸಿದ ಹಾಗೆ ಪರದೆಯ ಮೇಲೆ ತೋರಿಸಿದ. ಎಂಟು ಅಂಕಿಗಳೂ ಮದುಮಕ್ಕಳ ಹಾಗೆ ಸಿಂಗರಿಸಿಕೊಂಡು ನಿಂತವು.

ಮೇಷ್ಟ್ರು ನೋಡಿ ಕೇಳಿದರು. "ಇದರಲ್ಲಿ ಎಣಿಸಿದ್ದೆಷ್ಟು, ಅಂದಾಜೆಷ್ಟು ಅಂತ ಎಲ್ಲಿ ಬರೆದಿದ್ದೀಯಪ್ಪ?"

"ಅದೆಲ್ಲ ಯಾಕೆ ಸಾರ್, ನೋಡೋರಿಗೆ ತಲೆ ಕೆಡುತ್ತೆ."

"ಯೋಚನೆ ಮಾಡು" ಎಂದಷ್ಟೇ ಹೇಳಿ ಮೇಷ್ಟ್ರು ಪಾಠಕ್ಕೆ ಹೋದರು.

ಸುಧನ್ವ ಯೋಚನೆ ಮಾಡಲಿಲ್ಲ. ಅದೇ ದಿನ ಜಿಲ್ಲೆಯ ಆಂಬುಲೆನ್ಸ್ ಕೇಂದ್ರದಿಂದ ನಸೀಮಾ ಎಂಬವರು ಫೋನ್ ಮಾಡಿದರು. ಕೇಂದ್ರದ ಪ್ರೋಗ್ರಾಂ ನೋಡಿಕೊಳ್ಳುವವರು ಅವರೇ. ಕರೆ ಬಂದಾಗ ಹತ್ತಿರದ ಗಾಡಿ ಯಾವುದೆಂದು ತೋರಿಸಲು ಪರದೆ ಅರ್ಧ ನಿಮಿಷ ತೆಗೆದುಕೊಳ್ಳುತ್ತಿತ್ತು. ಎದೆನೋವಿನವರಿಗೆ ಅರ್ಧ ನಿಮಿಷ ಕಡಿಮೆಯಲ್ಲ. ಸುಧನ್ವ ಹೆಮ್ಮೆಯಿಂದ ತನ್ನ ಕಿಂಡಿಯನ್ನು ಕಳಿಸಿಕೊಟ್ಟ.

ಅಂಕಿಗಳು ಪರದೆಯಲ್ಲಿ ನಕಾಶೆ ಬಿಡಿಸುವ ಭಾಗದ ಕಡೆ ಬೆರಳು ತೋರಿಸಿದವು. ನಸೀಮಾ ನಾಲ್ಕು ದಿನ ಕೂತು ನಕಾಶೆಯ ಭಾಗವನ್ನೆಲ್ಲ ತಿದ್ದಿ ಬರೆದರು. ಪರದೆ ಇದ್ದಷ್ಟೇ ನಿಧಾನ. ಆಮೇಲೆ ಒಂದೊಂದೇ ಭಾಗವನ್ನು ಬೇರೆಯಾಗಿ ಓಡಿಸಿ ನೋಡಿದಾಗ ಗೊತ್ತಾಯಿತು, ತಪ್ಪು ಇದ್ದದ್ದು ಗಾಡಿಗಳ ಪಟ್ಟಿ ಜೋಡಿಸುವ ಕಡೆ. ಪಟ್ಟಿ ಜೋಡಿಸುವ ಹೊತ್ತಿನಲ್ಲಿ, ಆ ತಪ್ಪನ್ನು ತೋರಿಸಬೇಕಿದ್ದ ಸಂಗತಿಯನ್ನು ಎಣಿಸುವ ಸರದಿಯೇ ಬಂದಿರಲಿಲ್ಲ.

"ನಾಲ್ಕು ದಿನ ತಪ್ಪು ಜಾಗದಲ್ಲಿ ಅಗೆದೆ ಸುಧನ್ವ" ಎಂದರು ನಸೀಮಾ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಇದು ಅಂದಾಜು ಅಂತ ಒಂದು ಮಾತು ಹೇಳಿದ್ದರೆ ಇನ್ನೊಂದು ಸಲ ನೋಡ್ತಿದ್ದೆ."

ಸುಧನ್ವನಿಗೆ ನಾಚಿಕೆಯಾಯಿತು. ಆ ನಾಲ್ಕು ದಿನ ಆಂಬುಲೆನ್ಸಿಗೆ ಕಾದವರು ಯಾರ್ಯಾರೋ ಎಂದು ನೆನೆದ. ಮೇಷ್ಟ್ರ ಹತ್ತಿರ ಹೋಗಿ ಎಲ್ಲ ಹೇಳಿಕೊಂಡ.

"ನಾಲ್ಕಕ್ಕಿಂತ ಹೆಚ್ಚು ಕೇಳಿದರೆ ಕಿಂಡಿ ಮುಚ್ಚಿಬಿಡ್ತೀನಿ ಸಾರ್."

"ಮುಚ್ಚೋದು ಯಾಕೆ? ಅಂದಾಜು ತಪ್ಪಲ್ಲ. ಬಚ್ಚಿಟ್ಟಿದ್ದು ತಪ್ಪು."

ಸುಧನ್ವ ಒಂದು ವಾರ ಕೂತು ಕಿಂಡಿಯನ್ನು ತಿದ್ದಿದ. ಈಗ ಪ್ರತಿ ಅಂಕಿಯ ಪಕ್ಕದಲ್ಲಿ ಇನ್ನೆರಡು ಅಂಕಿ ಬಂದವು. ಎಷ್ಟು ಹೊತ್ತು ಎಣಿಸಲು ಕೇಳಿದ್ದೀರಿ, ನಿಜವಾಗಿ ಎಷ್ಟು ಹೊತ್ತು ಎಣಿಸಿದೆ. ನೋಡಲು ಮೊದಲಿನಷ್ಟು ಚೆನ್ನಾಗಿರಲಿಲ್ಲ. ನಸೀಮಾ ಅದನ್ನು ನೋಡಿ, ಈ ಸಲ ನಾಲ್ಕೇ ಸಂಗತಿ ಕೇಳಿದರು, ಪೂರ್ತಿ ಎಣಿಸಿದ್ದನ್ನೇ ನಂಬಿದರು. ಪಟ್ಟಿಯಲ್ಲಿ ತಡವಾಗುತ್ತಿದ್ದ ಜಾಗ ಕಣ್ಣಿಗೆ ಬಿತ್ತು, ಅದನ್ನು ಸರಿಮಾಡಲು ಒಂದು ಮಧ್ಯಾಹ್ನ ಸಾಕಾಯಿತು.

ಮರುದಿನ ಅವರೇ ಫೋನ್ ಮಾಡಿದರು.

"ಬೆಳಿಗ್ಗೆ ಒಂದು ಹೆರಿಗೆ ನೋವಿನ ಕರೆ ಬಂತು. ಅವರು ಊರಿನ ಹೆಸರು ಹೇಳಿ ಮುಗಿಸೋದರೊಳಗೆ ಪರದೆ ಮೇಲೆ ಗಾಡಿ ಬಂದಿತ್ತು. ಹೆಣ್ಣು ಮಗುವಂತೆ, ಇಬ್ಬರೂ ಚೆನ್ನಾಗಿದ್ದಾರೆ."

ಸುಧನ್ವ ಓಡಿಹೋಗಿ ಮೇಷ್ಟ್ರಿಗೆ ಹೇಳಿದ. ಮೇಷ್ಟ್ರು ಅವತ್ತೇ ಅವನ ಕಿಂಡಿಯನ್ನು ಕರ್ನಲ್‌ಗೆ ಸೇರಿಸಿದರು.

ನೀತಿ: ಎಣಿಸಿದ್ದನ್ನು ಎಣಿಸಿದೆ ಎನ್ನಿ, ಊಹಿಸಿದ್ದನ್ನು ಊಹಿಸಿದೆ ಎನ್ನಿ. ನಿಮ್ಮ ಮಾತು ನಂಬಿ ಹೊರಟವರಿಗೆ ಯಾವ ದಾರಿಯನ್ನು ಇನ್ನೊಮ್ಮೆ ನೋಡಬೇಕೆಂದು ಆಗ ತಿಳಿಯುತ್ತದೆ.