ಎತ್ತು ಎಂದರೆ ಯಾರು

ಹೆಗ್ಗಣ ಸಾಹುಕಾರನ ಬೆಲ್ಲದ ಮಂಡಿಯಲ್ಲಿ ಮೂಟೆ ಸಾಗಿಸುವುದು ಎತ್ತಿನ ಕೆಲಸ. ಒಂದು ದಿನ ಸಾಹುಕಾರ, ಕೊಳ್ಳುವ ಮೊದಲು ಪರೀಕ್ಷಿಸೋಣವೆಂದು ಮೂಟೆ ಮೇಲೆತ್ತುವ ಎರಡು ಬ್ಯಾಟರಿ ಬಂಡಿ, ಅಂದರೆ ಫೋರ್ಕ್‌ಲಿಫ್ಟ್ ತರಿಸಿದ; ಒಂದು ಕೆಂಪು, ಒಂದು ಹಳದಿ. ಕೆಂಪು ಬಂಡಿಯ ಮುಂದೆ ಮೂಟೆ ಇಡಿಸಿ, “ಎತ್ತು” ಎಂದ. ಎತ್ತು ಓಡಿಬಂತು.

“ನಿನ್ನನ್ನಲ್ಲ,” ಎಂದು ಸಾಹುಕಾರ ಗದರಿದ. ಹಳದಿ ಬಂಡಿಗೆ “ಎತ್ತು” ಎಂದಾಗಲೂ ಅದೇ ಕಥೆ.

ಎತ್ತಿಗೆ ತಲೆ ಗಿರ್ರೆಂದಿತು. “ಹಾಗಾದರೆ ಎತ್ತು ಎಂದರೆ ಯಾರು, ಸ್ವಾಮಿ?”

“ಇನ್ನು ಮೇಲೆ ಇವನು,” ಎಂದು ಸಾಹುಕಾರ, ಮೂಟೆಯನ್ನು ಸೂರಿಗೆ ಮುಟ್ಟಿಸಿದ ಹಳದಿಯನ್ನೇ ಆರಿಸಿದ. ಎಷ್ಟು ಹೊತ್ತು ದುಡಿಯುತ್ತೀಯೆಂದು ಕೇಳಲಿಲ್ಲ.

ಸಂಜೆ ಹಳದಿಯ ಬ್ಯಾಟರಿ ಮುಗಿದು, ಬಂಡಿ ಗಕ್ಕನೆ ನಿಂತಿತು. ಮೂಟೆ ಜಾರಿ ಸಾಹುಕಾರನ ಬಾಲದ ಮೇಲೆ ಬಿತ್ತು.

“ಎತ್ತು, ಎತ್ತು,” ಎಂದು ಅವನು ಕೂಗಿಕೊಂಡ.

ಎತ್ತು ನಿಂತಲ್ಲಿಂದ ಕದಲದೆ ಹಳದಿಯ ಕಡೆ ತಿರುಗಿತು. “ಏಳಪ್ಪ, ಸಾಹುಕಾರರು ನಿನ್ನನ್ನೇ ಕರೆಯುತ್ತಿದ್ದಾರೆ.”