ಕಲಾವಿದನಾದ ಹಲ್ಲಿ

ಸಭಾಂಗಣವೊಂದರಲ್ಲಿ ಹೊಸ ಬಗೆಯ ಸಂಗೀತ ಕಛೇರಿ ನಡೆದಿತ್ತು. ಗಾಯಕಿ ಮಂದಾಕಿನಿ ಆ ಗಳಿಗೆಗೆ ತೋಚಿದಂತೆ ದನಿ ತೆಗೆಯುತ್ತಿದ್ದಳು. ಯಂತ್ರವೊಂದು ಆ ದನಿಯನ್ನು ತಿರುಚಿ ಹಿಗ್ಗಿಸುತ್ತಿತ್ತು. ಸದ್ದಿಗೆ ತಕ್ಕಂತೆ ಹಿಂದಿನ ಪರದೆಯ ಮೇಲೆ ಬಣ್ಣಗಳು ಕುಣಿಯುತ್ತಿದ್ದವು. ಆಕೆ ಉಸಿರೆಳೆದುಕೊಳ್ಳಲು ನಿಂತಾಗ ಗೋಡೆಯ ಮೇಲಿದ್ದ ಹಲ್ಲಿ ಎಂದಿನಂತೆ ಲೊಚಗುಟ್ಟಿತು. ಮೈಕು ಅದನ್ನು ಹಿಡಿಯಿತು, ಯಂತ್ರ ಅದನ್ನು ಗುಡುಗಾಗಿಸಿತು, ಪರದೆ ಕೆಂಪಗೆ ಉರಿಯಿತು. ಸಭಿಕರು ಜೋರಾಗಿ ಚಪ್ಪಾಳೆ ತಟ್ಟಿದರು.

ತಾನು ಕಲಾವಿದನೆಂದು ಹಲ್ಲಿಗೆ ಅಂದೇ ಖಾತ್ರಿಯಾಯಿತು. ಗಂಟಲು ಕೆಟ್ಟೀತೆಂದು ಹುಳು ತಿನ್ನುವುದನ್ನು ಬಿಟ್ಟು, ವಾರವಿಡೀ ಲೊಚಗುಟ್ಟುವ ಅಭ್ಯಾಸ ಮಾಡಿತು. ಮುಂದಿನ ಕಛೇರಿಯ ದಿನ ಪತಂಗವೊಂದು ಅದರ ಮೂಗಿನೆದುರೇ ಬಂದು ಕೂತಿತು.

"ಸ್ವಾಮಿ, ತಾವು ನನ್ನನ್ನು ತಿನ್ನುವುದಿಲ್ಲವೆ?"

"ತೊಲಗು. ಹಾಡುವ ಮುಂಚೆ ಕಲಾವಿದರು ಏನನ್ನೂ ತಿನ್ನುವುದಿಲ್ಲ."

"ಹಾಗಾದರೆ ನಾನು ನಿಶ್ಚಿಂತೆಯಿಂದ ಹಾರಾಡುತ್ತೇನೆ," ಎಂದು ಪತಂಗ ಪರದೆಯ ಬಣ್ಣಗಳ ನಡುವೆ ಸುಳಿದಾಡಿತು. ಅದೂ ಕಾರ್ಯಕ್ರಮದ ಭಾಗವೆಂದುಕೊಂಡ ಸಭಿಕರು ಚಪ್ಪಾಳೆ ತಟ್ಟಿದರು.

ಹಲ್ಲಿ ತನ್ನ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿತು. ಆದರೆ ಮಂದಾಕಿನಿ ಆಗ ತಾರಸ್ಥಾಯಿಯಲ್ಲಿದ್ದಳು. ಹಲ್ಲಿಯ ಸದ್ದು ಯಾರಿಗೂ ಕೇಳಿಸಲಿಲ್ಲ. ಅದಕ್ಕೆ ಹೊಟ್ಟೆಕಿಚ್ಚೂ ಹಸಿವೂ ಒಟ್ಟಿಗೇ ಏರಿದವು. ಪರದೆಯ ನಡುಮಧ್ಯಕ್ಕೆ ಓಡಿ, ಎಲ್ಲರ ಕಣ್ಣೆದುರೇ ಪತಂಗವನ್ನು ಗುಳುಂ ಮಾಡಿತು.

ಇಡೀ ಸಭೆ ಎದ್ದು ನಿಂತಿತು. ಮುಂದಿನ ಸಾಲಿನ ವಿಮರ್ಶಕರು ಕಣ್ಣೊರೆಸಿಕೊಂಡು, "ಎಂಥ ಆಳವಾದ ಕಲ್ಪನೆ!" ಎಂದರು.

ಉತ್ತರ ಕೊಡೋಣವೆಂದರೆ ಹಲ್ಲಿಯ ಬಾಯಿ ತುಂಬಿತ್ತು. ಮಂದಾಕಿನಿಯೇ ಕೈಮುಗಿದು, "ನನ್ನ ಬಹಳ ದಿನಗಳ ಸಾಧನೆ," ಎಂದಳು.